ವಾರಸುದಾರರಿಲ್ಲದ ಚಿತ್ರಗಳು

ಹುಚ್ಚಿನಲ್ಲಿ ಹಲವು ಬಗೆ. ಸಂಗ್ರಹದ ಹುಚ್ಚಿನಲ್ಲಂತೂ ಲೆಕ್ಕವೇ ಇಲ್ಲ. ಅಂಚೆಚೀಟಿ ಕೂಡಿಡುವವರಿದ್ದಾರೆ, ಹಳೆಯ ನಾಣ್ಯಕ್ಕಾಗಿ ಸಂತೆ ಸುತ್ತುವವರಿದ್ದಾರೆ. ಬೆಂಕಿಪೊಟ್ಟಣದ ಚಿತ್ರಗಳನ್ನು ನೋಟುಬುಕ್ಕಿಗೆ ಅಂಟಿಸುವ ಮಕ್ಕಳು ಒಂದು ಕಾಲಕ್ಕೆ ಮನೆಗೊಬ್ಬರಿದ್ದರು. ಇಂಥವರನ್ನು ಹಿರಿಯರು ಗದರಿದರೂ ಒಳಗೊಳಗೇ ಒಪ್ಪುತ್ತಾರೆ. ಅಂಚೆಚೀಟಿಯಿಂದ ಭೂಗೋಳ ಬರುತ್ತದೆ, ನಾಣ್ಯದಿಂದ ಇತಿಹಾಸ ಬರುತ್ತದೆ ಎಂಬ ಸಮಾಧಾನವಾದರೂ ಇರುತ್ತದಲ್ಲ!

ಆದರೆ ಅಮೆರಿಕದಲ್ಲಿ ಇನ್ನೊಂದು ಬಗೆಯ ಸಂಗ್ರಾಹಕರಿದ್ದಾರೆ. ಅವರ ಪರವಾಗಿ ವಕಾಲತ್ತು ವಹಿಸುವುದು ಅಷ್ಟು ಸುಲಭವಲ್ಲ. ಅವರು ಕೂಡಿಡುವುದು 1940 ಮತ್ತು 50ರ ದಶಕಗಳಲ್ಲಿ ಸಣ್ಣಪುಟ್ಟ ಕಂಪನಿಗಳು ಕಡಿಮೆ ದುಡ್ಡಿನಲ್ಲಿ, ಅವಸರವಸರವಾಗಿ ತೆಗೆದ ಕಪ್ಪು-ಬಿಳುಪಿನ ಅಪರಾಧ ಚಿತ್ರಗಳನ್ನು. ಅದೂ ವಿಡಿಯೋ ಕ್ಯಾಸೆಟ್ಟು, ಡಿ.ವಿ.ಡಿ., ಬ್ಲೂ-ರೇ ತಟ್ಟೆಗಳ ರೂಪದಲ್ಲಿ. ಕೊಲೆ, ಮೋಸ, ದುಡ್ಡಿನ ಚೀಲ, ಮಳೆಯ ರಾತ್ರಿ. ಕಥೆ ಅಗ್ಗದ್ದು, ನಟರು ಅಪರಿಚಿತರು, ಪ್ರತಿ ಮಸುಕು. ಇದನ್ನು ಕೊಳ್ಳುವುದೇ ಹೆಚ್ಚು, ಕಪಾಟಿನಲ್ಲಿ ಸಾಲಾಗಿ ಜೋಡಿಸಿಡುವುದೆಂದರೇನು? ಮನೆಯವರು ಹೀಗೆ ಕೇಳಿದರೆ ತಪ್ಪೇನೂ ಇಲ್ಲ. ಈ ಪ್ರಶ್ನೆಗೆ ಉತ್ತರ ಬೇಕಾದರೆ ಆ ಚಿತ್ರಗಳು ಹುಟ್ಟಿದ್ದು ಹೇಗೆ, ಅನಾಥವಾದದ್ದು ಹೇಗೆ ಎಂದು ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕು.

ಬಡವರ ಬೀದಿ

ಆ ಕಾಲದ ಅಮೆರಿಕದಲ್ಲಿ ಒಂದೇ ಟಿಕೆಟ್ಟಿಗೆ ಎರಡು ಚಿತ್ರ ತೋರಿಸುವ ಪದ್ಧತಿಯಿತ್ತು. ಮೊದಲನೆಯದು ದೊಡ್ಡ ತಾರೆಯರ ದೊಡ್ಡ ಚಿತ್ರ. ಎರಡನೆಯದು ಗಂಟೆ, ಗಂಟೆ ಕಾಲಿನಲ್ಲಿ ಮುಗಿಯುವ ಸಣ್ಣ ಚಿತ್ರ. ಅದಕ್ಕೆ 'ಬಿ ಚಿತ್ರ' ಎಂದು ಹೆಸರು. ದೊಡ್ಡ ಚಿತ್ರಕ್ಕೆ ಗಲ್ಲಾಪೆಟ್ಟಿಗೆಯಲ್ಲಿ ಶೇಕಡಾವಾರು ಪಾಲು ಸಿಗುತ್ತಿತ್ತು. ಸಣ್ಣ ಚಿತ್ರಕ್ಕೆ ನಿಗದಿಯಾದ ಬಾಡಿಗೆ ಮಾತ್ರ. ಎಂದರೆ, ಎಷ್ಟು ಚೆನ್ನಾಗಿ ತೆಗೆದರೂ ಅದು ಒಂದು ಕಾಸು ಹೆಚ್ಚು ಸಂಪಾದಿಸುವಂತಿರಲಿಲ್ಲ. ಲಾಭ ಬೇಕಿದ್ದರೆ ಖರ್ಚು ಕಡಿಮೆ ಮಾಡುವುದೊಂದೇ ದಾರಿ.

ಈ ಕಸುಬಿನಲ್ಲಿದ್ದ ಮೊನೊಗ್ರಾಂ, ಪಿ.ಆರ್.ಸಿ. ಮುಂತಾದ ಕಂಪನಿಗಳಿಗೆ ಹಾಲಿವುಡ್ಡಿನವರೇ 'ಬಡವರ ಬೀದಿ' ಎಂದು ಅಡ್ಡಹೆಸರಿಟ್ಟಿದ್ದರು. ಸೆಟ್ಟು ಕಟ್ಟಲು ದುಡ್ಡಿಲ್ಲ, ಹಾಗಾಗಿ ಕತ್ತಲೆ. ಬೀದಿ ತೋರಿಸಲು ಬೀದಿಯಿಲ್ಲ, ಹಾಗಾಗಿ ಮಂಜು. ದೀಪ ಕಡಿಮೆ, ಹಾಗಾಗಿ ಗೋಡೆಯ ಮೇಲೆ ಉದ್ದುದ್ದ ನೆರಳು. ಬಡತನ ಮುಚ್ಚಿಕೊಳ್ಳಲು ಹೂಡಿದ ಈ ಉಪಾಯಗಳೇ ಒಂದು ಶೈಲಿಯಾಗಿಬಿಟ್ಟವು. ಜಾನ್ ಆಲ್ಟನ್ ಎಂಬ ಛಾಯಾಗ್ರಾಹಕ 1947ರ 'ಟಿ-ಮೆನ್' ಚಿತ್ರದಲ್ಲಿ ಕೆಲವೇ ದೀಪಗಳಿಂದ ಮಾಡಿದ ಕೆಲಸವನ್ನು ಇಂದಿಗೂ ಚಲನಚಿತ್ರ ವಿದ್ಯಾರ್ಥಿಗಳು ಕಣ್ಣರಳಿಸಿ ನೋಡುತ್ತಾರೆ. 1946ರಲ್ಲಿ ಫ್ರಾನ್ಸಿನ ವಿಮರ್ಶಕರು ಅಮೆರಿಕದ ಅಪರಾಧ ಚಿತ್ರಗಳ ಈ ಕತ್ತಲೆಯನ್ನು ಗಮನಿಸಿ 'ಫಿಲ್ಮ್ ನುವಾರ್' ಎಂದು ಹೆಸರಿಟ್ಟರು. ಕನ್ನಡದಲ್ಲಿ 'ಕಪ್ಪು ಚಿತ್ರ' ಎನ್ನಬಹುದು. 1960ರಲ್ಲಿ ಜಾನ್ ಲುಕ್ ಗೊದಾರ್ ತನ್ನ 'ಬ್ರೆತ್‌ಲೆಸ್' ಚಿತ್ರವನ್ನು ಅರ್ಪಿಸಿದ್ದು ಯಾವ ಮಹಾ ನಿರ್ದೇಶಕನಿಗೂ ಅಲ್ಲ, ಇದೇ ಬಡವರ ಬೀದಿಯ ಮೊನೊಗ್ರಾಂ ಕಂಪನಿಗೆ! ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ಅಮೆರಿಕದವರಿಗೂ ಸಲ್ಲುತ್ತದೆ.

ಎಲ್ಲರ ಸೊತ್ತು, ಯಾರ ಹೊಣೆ?

ಈ ಬೀದಿಯ ಅತ್ಯಂತ ಪ್ರಸಿದ್ಧ ಕೂಸು 'ಡಿಟೂರ್'. ಬಳಸುದಾರಿ ಎಂದು ಅರ್ಥ. ಪಿ.ಆರ್.ಸಿ. ಕಂಪನಿಗಾಗಿ ಎಡ್ಗರ್ ಉಲ್ಮರ್ 1945ರಲ್ಲಿ ತೆಗೆದದ್ದು. 68 ನಿಮಿಷದ ಚಿತ್ರ. ಬಡ ಪಿಯಾನೋ ವಾದಕನೊಬ್ಬ ತನ್ನ ಪ್ರಿಯತಮೆಯನ್ನು ಕಾಣಲು ನ್ಯೂಯಾರ್ಕಿನಿಂದ ಲಾಸ್ ಏಂಜಲೀಸ್‌ಗೆ ದಾರಿಯ ಕಾರುಗಳಿಗೆ ಕೈಯೊಡ್ಡುತ್ತ ಹೊರಡುತ್ತಾನೆ. ಹತ್ತಿಸಿಕೊಂಡ ಕಾರಿನ ಮಾಲೀಕ ದಾರಿಯಲ್ಲೇ ಸಾಯುತ್ತಾನೆ. ಪೊಲೀಸರು ನಂಬಲಾರರು ಎಂಬ ಭಯಕ್ಕೆ ಇವನು ಹೆಣ ಬಚ್ಚಿಟ್ಟು ಸತ್ತವನ ಹೆಸರು, ಬಟ್ಟೆ, ಕಾರು ಎಲ್ಲವನ್ನೂ ತನ್ನದಾಗಿಸಿಕೊಳ್ಳುತ್ತಾನೆ. ಮುಂದೆ ಅದೇ ದಾರಿಯಲ್ಲಿ ಇವನೇ ಒಬ್ಬಳನ್ನು ಹತ್ತಿಸಿಕೊಂಡರೆ, ಅವಳಿಗೆ ಸತ್ತವನ ಪರಿಚಯವಿರಬೇಕೆ! ಅಲ್ಲಿಂದಾಚೆಗೆ ಅವನು ತುಳಿದ ಪ್ರತಿ ಹೆಜ್ಜೆಯೂ ಹುದುಲಿಗೇ.

ಆರೇ ದಿನದಲ್ಲಿ ಚಿತ್ರೀಕರಿಸಿದೆ ಎಂದು ಉಲ್ಮರ್ ಹೇಳಿಕೊಂಡದ್ದುಂಟು. ದಾಖಲೆ ತಿರುವಿದವರು ಅದಕ್ಕಿಂತ ಹೆಚ್ಚು ದಿನ ಹಿಡಿಯಿತೆಂದು ತೋರಿಸಿದ್ದಾರೆ. ಏನೇ ಇರಲಿ, ಅವಸರ ಚಿತ್ರದಲ್ಲಿ ಎದ್ದು ಕಾಣುತ್ತದೆ. ಪೂರ್ವದಿಂದ ಪಶ್ಚಿಮಕ್ಕೆ ಹೋಗುವವನು ಪರದೆಯ ಮೇಲೂ ಬಲದಿಂದ ಎಡಕ್ಕೇ ಸಾಗಲಿ ಎಂದು ಕೆಲವು ತುಣುಕುಗಳನ್ನು ಕನ್ನಡಿಯ ಬಿಂಬದಂತೆ ತಿರುಗಿಸಿ ಸೇರಿಸಿದ್ದಾರೆ. ಹೀಗಾಗಿ ಅಲ್ಲಿ ಕಾರುಗಳು ರಸ್ತೆಯ ಎಡಭಾಗದಲ್ಲಿ ಓಡುತ್ತವೆ, ಚುಕ್ಕಾಣಿ ಬಲಗಡೆಗೆ ಬರುತ್ತದೆ. ಅಮೆರಿಕದವರಿಗೆ ಇದು ನಗೆಪಾಟಲು. ಬೆಂಗಳೂರಿನ ಪ್ರೇಕ್ಷಕನಿಗೆ ಮಾತ್ರ ಏನೂ ಅನ್ನಿಸುವುದಿಲ್ಲ, ಎಲ್ಲ ಸರಿಯಾಗಿಯೇ ಇದೆ!

ಉಲ್ಮರ್ 1972ರಲ್ಲಿ ತೀರಿಕೊಂಡ. ಮರುವರ್ಷ ಅವನ ಚಿತ್ರದ ಹಣೆಬರಹವೂ ಬದಲಾಯಿತು. ಆಗಿನ ಅಮೆರಿಕದ ಕಾನೂನಿನಂತೆ ಕೃತಿಯೊಂದರ ಹಕ್ಕು ಮೊದಲು 28 ವರ್ಷ. ಆಮೇಲೆ ಅರ್ಜಿ ಹಾಕಿ ನವೀಕರಿಸಿಕೊಂಡರೆ ಮಾತ್ರ ಮುಂದುವರಿಕೆ. ಅಷ್ಟರಲ್ಲಿ ಪಿ.ಆರ್.ಸಿ. ಎಂಬ ಕಂಪನಿಯೇ ಇರಲಿಲ್ಲ. ಅರ್ಜಿ ಹಾಕುವವರಾರು? 'ಡಿಟೂರ್' ಸಾರ್ವಜನಿಕರ ಸೊತ್ತಾಯಿತು. ಇದೇ ಬಗೆಯಲ್ಲಿ 'ಡಿ.ಒ.ಎ.', ಐಡಾ ಲುಪಿನೊ ನಿರ್ದೇಶಿಸಿದ 'ದಿ ಹಿಚ್-ಹೈಕರ್' ಮೊದಲಾದ ಹಲವು ಚಿತ್ರಗಳು ಒಡೆಯರಿಲ್ಲದೆ ಉಳಿದವು.

ಎಲ್ಲರ ಸೊತ್ತು ಎಂದರೆ ಕೇಳಲು ಎಷ್ಟು ಚೆಂದ! ಆದರೆ ಊರೆಲ್ಲರಿಗೂ ಸೇರಿದ ಕೆರೆಯ ಗತಿ ಏನಾಗುತ್ತದೆ ಎಂಬುದು ತಿಳಿಯದ್ದೇನಲ್ಲ. ನೀರು ಸೇದುವವರು ನೂರು ಮಂದಿ, ಹೂಳೆತ್ತುವವರು ಒಬ್ಬರೂ ಇಲ್ಲ. 1976ರಲ್ಲಿ ವಿ.ಎಚ್.ಎಸ್. ಕ್ಯಾಸೆಟ್ಟು ಬಂತು. ಮುಂದಿನ ದಶಕದಲ್ಲಿ ಮನೆಮನೆಗೂ ವಿ.ಸಿ.ಆರ್. ಬಂದಾಗ ಅಂಗಡಿಗಳಿಗೆ ಸರಕು ಬೇಕಾಯಿತು. ಹಕ್ಕಿನ ಹಣ ಕೊಡಬೇಕಿಲ್ಲದ ಚಿತ್ರಗಳ ಮೇಲೆ ಸಣ್ಣ ವ್ಯಾಪಾರಿಗಳು ಮುಗಿಬಿದ್ದರು. ಟಿ.ವಿ.ಯವರು ಬಳಸಿ ಬಿಟ್ಟ ಸವೆದ 16 ಮಿಲಿಮೀಟರ್ ಪ್ರತಿಯೊಂದು ಸಿಕ್ಕರೆ ಸಾಕು, ಅದರಿಂದ ಕ್ಯಾಸೆಟ್ಟು, ಆ ಕ್ಯಾಸೆಟ್ಟಿನಿಂದ ಇನ್ನೊಂದು, ಅದರಿಂದ ಮತ್ತೊಂದು. ನಕಲಿನ ನಕಲು ಇಳಿದಂತೆಲ್ಲ ಮುಖಗಳು ಹಿಟ್ಟಿನ ಮುದ್ದೆಯಾದವು, ಕತ್ತಲೆ ಬೂದಿಯಾಯಿತು, ಮಾತಿನ ಹಿಂದೆ ಜೇನುನೊಣದ ಗುಂಯ್‌ಗುಡುವಿಕೆ ಸೇರಿಕೊಂಡಿತು. ಜಿಪುಣತನ ಅಲ್ಲಿಗೂ ನಿಲ್ಲಲಿಲ್ಲ. ಸರಿಯಾದ ವೇಗದಲ್ಲಿ 2 ಗಂಟೆ ಓಡುವ ಟೇಪು ಅತಿ ನಿಧಾನದ ವೇಗದಲ್ಲಿ 6 ಗಂಟೆ ಹಿಡಿಯುತ್ತದೆ. ಅಗ್ಗದ ಕಂಪನಿಗಳು ಈ ನಿಧಾನದ ವೇಗದಲ್ಲೇ ತುಂಬಿಸಿ ಮೂರರಲ್ಲಿ ಎರಡು ಪಾಲು ಟೇಪು ಉಳಿಸಿದವು. ಚಿತ್ರ ಇನ್ನಷ್ಟು ಕೆಟ್ಟಿತು.

ಒಂದೇ ಚಿತ್ರ, ಐದು ಪ್ರತಿ

ಸಂಗ್ರಾಹಕನ ಕೆಲಸ ಶುರುವಾಗುವುದು ಇಲ್ಲಿ. ಅವನ ಕಪಾಟಿನಲ್ಲಿ 'ಡಿಟೂರ್' ಒಂದಲ್ಲ, ಐದು ಇರುತ್ತದೆ. ಮನೆಯವರು ನಗುತ್ತಾರೆ, ಮರೆವಿಗೆ ಮದ್ದು ಮಾಡಿಸಬೇಕು ಎನ್ನುತ್ತಾರೆ. ಆದರೆ ಅವನ ಲೆಕ್ಕವೇ ಬೇರೆ. ಒಂದು ಪ್ರತಿಯಲ್ಲಿ ಮೊದಲ ದೃಶ್ಯ ತುಂಡಾಗಿದೆ. ಇನ್ನೊಂದರಲ್ಲಿ ಚಿತ್ರ ಸ್ಪಷ್ಟ, ಧ್ವನಿ ಹಾಳು. ಮೂರನೆಯದರಲ್ಲಿ ಧ್ವನಿ ಸೊಗಸು, ಆದರೆ ಟಿ.ವಿ. ಜಾಹೀರಾತಿಗೆ ಜಾಗ ಮಾಡಲು ನಾಲ್ಕಾರು ನಿಮಿಷ ಕತ್ತರಿಸಿದ್ದಾರೆ. ಅವನು ಗಡಿಯಾರ ಹಿಡಿದು ಕೂತು ನಿಮಿಷ ಎಣಿಸುತ್ತಾನೆ, ಯಾವ ಮಾತಿನ ನಂತರ ಚಿತ್ರ ಜಿಗಿಯುತ್ತದೆ ಎಂದು ಗುರುತು ಹಾಕಿಕೊಳ್ಳುತ್ತಾನೆ, ಯಾವ ಕಂಪನಿಯ ಪ್ರತಿ ಯಾವುದರಿಂದ ನಕಲಾಗಿದೆ ಎಂದು ಗೀರುಗಳಿಂದಲೇ ಪತ್ತೆ ಹಚ್ಚುತ್ತಾನೆ. ಪರದೆಯ ಮೇಲಿನ ಪತ್ತೇದಾರನಿಗಿಂತ ಇವನೇನು ಕಡಿಮೆ?

ಇದನ್ನು ಬರೀ ತೀಟೆ ಎಂದು ತಳ್ಳಿಹಾಕುವ ಮುನ್ನ ಒಂದು ಮಾತು. ಹಳೆಯ ತಾಳೆಗರಿಗಳನ್ನು ಮುಂದಿಟ್ಟುಕೊಂಡು ಪಾಠಾಂತರ ಗುರುತಿಸುವ ಪಂಡಿತರು ಮಾಡುವ ಕೆಲಸವೂ ಇದೇ ಅಲ್ಲವೇ? ಈ ಪ್ರತಿಯಲ್ಲಿ ಪದ್ಯ ಬಿಟ್ಟುಹೋಗಿದೆ, ಆ ಪ್ರತಿಯಲ್ಲಿ ಲಿಪಿಕಾರ ತಪ್ಪಿದ್ದಾನೆ ಎಂದು ತಾಳ್ಮೆಯಿಂದ ಹೋಲಿಸಿಯೇ ಅಲ್ಲವೇ ಗ್ರಂಥಗಳ ಶುದ್ಧಪಾಠ ಸಿದ್ಧವಾದದ್ದು? ವಸ್ತು ದೊಡ್ಡದೋ ಸಣ್ಣದೋ, ಹೋಲಿಸಿ ನೋಡುವ ಕಣ್ಣು ಒಂದೇ. ಆ ಕಣ್ಣು ಶಾಲೆಯ ಪ್ರಯೋಗಶಾಲೆಯಲ್ಲೂ ಬೇಕು, ಲೆಕ್ಕಪತ್ರದ ಮೇಜಿನಲ್ಲೂ ಬೇಕು.

ಡಿ.ವಿ.ಡಿ. 1996ರಲ್ಲಿ ಜಪಾನಿನಲ್ಲೂ ಮರುವರ್ಷ ಅಮೆರಿಕದಲ್ಲೂ ಬಂದ ಮೇಲೆ ಈ ಚಿತ್ರಗಳು ಒಂದು ಡಾಲರಿನ ಅಂಗಡಿಗಳ ಬುಟ್ಟಿಗೆ ಬಿದ್ದವು. ತಟ್ಟೆ ಹೊಸದು, ಒಳಗಿನ ಚಿತ್ರ ಅದೇ ಹಳೆಯ ಮಸುಕು. ಮಣ್ಣಿನ ಗಡಿಗೆಯ ಮಜ್ಜಿಗೆಯನ್ನು ಬೆಳ್ಳಿ ಲೋಟಕ್ಕೆ ಸುರಿದ ಹಾಗೆ. ಆದರೂ ಆ ಬುಟ್ಟಿಗಳಲ್ಲಿ ಕೈಯಾಡಿಸಿದವರು ಸಾವಿರಾರು ಮಂದಿ. ಈ ಚಿತ್ರಗಳು ಪೂರ್ತಿ ಮರೆಯಾಗದೆ ಉಳಿದದ್ದು ಆ ಕೆಟ್ಟ ಪ್ರತಿಗಳಿಂದಲೇ. ಅವನ್ನು ನೋಡಿದವರಲ್ಲಿ ಕೆಲವರಿಗಾದರೂ ಇದರ ಒಳ್ಳೆಯ ಪ್ರತಿ ಎಲ್ಲಾದರೂ ಇದ್ದೀತೆ ಎಂಬ ಪ್ರಶ್ನೆ ಹುಟ್ಟಿತು.

ಬೆಂಕಿ ಮತ್ತು ಹುಡುಕಾಟ

ಆ ಪ್ರಶ್ನೆಗೆ ಬೆಲೆಯಿದೆ ಎಂದು ತೋರಿಸಿಕೊಟ್ಟದ್ದು 2008ರ ಜೂನ್ ತಿಂಗಳ ಒಂದು ಬೆಂಕಿ. ಹಾಲಿವುಡ್ಡಿನ ಯೂನಿವರ್ಸಲ್ ಸ್ಟುಡಿಯೋದ ಆವರಣದಲ್ಲಿ ಎದ್ದ ಆ ಬೆಂಕಿಯಲ್ಲಿ 1950ರ 'ವುಮನ್ ಆನ್ ದಿ ರನ್' ಚಿತ್ರದ, ಅಮೆರಿಕದಲ್ಲಿ ಉಳಿದಿದ್ದುದೆಂದು ಗೊತ್ತಿದ್ದ ಒಂದೇ ಒಂದು ಪ್ರತಿ ಸುಟ್ಟುಹೋಯಿತು. ಕೊಲೆಯೊಂದನ್ನು ಕಣ್ಣಾರೆ ಕಂಡು ತಲೆಮರೆಸಿಕೊಂಡ ಗಂಡನನ್ನು ಹೆಂಡತಿ ಸ್ಯಾನ್ ಫ್ರಾನ್ಸಿಸ್ಕೊದ ಬೀದಿಬೀದಿಗಳಲ್ಲಿ ಹುಡುಕುವ ಕಥೆ ಅದು. ಹುಡುಕುತ್ತ ಹುಡುಕುತ್ತ, ತಾನು ಅರಿಯದೇ ಇದ್ದ ಗಂಡನನ್ನು ಅರಿಯುತ್ತ ಹೋಗುತ್ತಾಳೆ. ನಟಿಸಿದವರು ಆನ್ ಶೆರಿಡನ್.

ಎಡ್ಡಿ ಮುಲ್ಲರ್ ಎಂಬ ಲೇಖಕ 2005ರಲ್ಲಿ ಇಂಥ ಚಿತ್ರಗಳ ರಕ್ಷಣೆಗೆಂದೇ ಫಿಲ್ಮ್ ನುವಾರ್ ಫೌಂಡೇಶನ್ ಎಂಬ ಸಂಸ್ಥೆ ಕಟ್ಟಿದ್ದರು. ಹಳೆಯ ಅಪರಾಧ ಚಿತ್ರಗಳ ಉತ್ಸವ ನಡೆಸಿ, ಬಂದ ಹಣವನ್ನು ಚಿತ್ರಗಳ ದುರಸ್ತಿಗೆ ಹಾಕುವುದು ಅವರ ಕ್ರಮ. ಬೆಂಕಿಯ ನಂತರವೂ ಅವರು ಕೈಚೆಲ್ಲಲಿಲ್ಲ. ಲಂಡನ್ನಿನ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್‌ನಲ್ಲಿ ಆ ಚಿತ್ರದ ನಕಲು ನೆಗೆಟಿವ್ ಇರುವುದು ಪತ್ತೆಯಾಯಿತು. ಲಾಸ್ ಏಂಜಲೀಸ್‌ನ ಯು.ಸಿ.ಎಲ್.ಎ. ವಿಶ್ವವಿದ್ಯಾಲಯದ ಚಿತ್ರ ಸಂಗ್ರಹಾಲಯದಲ್ಲಿ ಅದು ಮತ್ತೆ ರೂಪ ಪಡೆಯಿತು. 2016ರಲ್ಲಿ ಬ್ಲೂ-ರೇ ಆಗಿ ಮನೆಗಳಿಗೂ ಬಂತು.

ಅದೇ ವರ್ಷ ಅದೇ ರೀತಿ ಬಂದ ಇನ್ನೊಂದು ಚಿತ್ರ 1949ರ 'ಟೂ ಲೇಟ್ ಫಾರ್ ಟಿಯರ್ಸ್'. ಗಂಡ ಹೆಂಡತಿ ಕಾರಿನಲ್ಲಿ ಹೋಗುತ್ತಿರುವಾಗ ಎದುರಿನ ಕಾರಿನವನು ಗುರುತು ತಪ್ಪಿ 60,000 ಡಾಲರಿನ ಚೀಲವೊಂದನ್ನು ಇವರ ಕಾರಿಗೆ ಎಸೆದು ಹೋಗುತ್ತಾನೆ. ಪೊಲೀಸರಿಗೆ ಒಪ್ಪಿಸೋಣ ಎನ್ನುತ್ತಾನೆ ಗಂಡ. ಬಿಡಲಾರೆ ಎನ್ನುತ್ತಾಳೆ ಹೆಂಡತಿ. ಅಷ್ಟೇ ಬೀಜ, ಉಳಿದದ್ದೆಲ್ಲ ಅದರ ಫಲ. ನಿರ್ಮಾಪಕ ದಿವಾಳಿಯಾಗಿ, ಹಕ್ಕು ನವೀಕರಣವಾಗದೆ, ಈ ಚಿತ್ರ ಬೇರೊಂದು ಹೆಸರಿನಲ್ಲಿ ಹರಕು ಪ್ರತಿಗಳಾಗಿ ದಶಕಗಳ ಕಾಲ ಅಲೆದಿತ್ತು. ಅದಕ್ಕೆ ಮರುಹುಟ್ಟು ಕೊಡಲು ಬೇಕಾದ ಒಳ್ಳೆಯ ಸಾಮಗ್ರಿ ಸಿಕ್ಕಿದ್ದು ಫ್ರಾನ್ಸಿನಲ್ಲಿ.

'ಡಿಟೂರ್' ಕಥೆಯೂ ಹೀಗೆಯೇ. 1992ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಸೇರುವ ಗೌರವವೇನೋ ಅದಕ್ಕೆ ಸಿಕ್ಕಿತು. ಒಳ್ಳೆಯ ಪ್ರತಿ ಮಾತ್ರ ಇರಲಿಲ್ಲ. ಕೊನೆಗೆ ಬೆಲ್ಜಿಯಂ ದೇಶದ ಚಿತ್ರಾಗಾರದಲ್ಲಿ ಒಂದು ಸಿಕ್ಕಿತು. ಆದರೆ ಅದರ ಅಡಿಯಲ್ಲಿ ಫ್ರೆಂಚ್ ಮತ್ತು ಫ್ಲೆಮಿಷ್ ಭಾಷೆಗಳ ಅಡಿಬರಹ ಅಚ್ಚಾಗಿತ್ತು! ತಂತ್ರಜ್ಞರು ಅದನ್ನು ಚೌಕಟ್ಟು ಚೌಕಟ್ಟಾಗಿ ಅಳಿಸಿದರು. 2018ರಲ್ಲಿ ದುರಸ್ತಿ ಮುಗಿದು, 2019ರಲ್ಲಿ ಬ್ಲೂ-ರೇ ತಟ್ಟೆ ಹೊರಬಂತು. ಐದು ಪ್ರತಿ ಇಟ್ಟುಕೊಂಡಿದ್ದವನು ಆರನೆಯದನ್ನು ಕೊಂಡ. ಈ ಸಲ ಮನೆಯವರೂ ಕೂತು ನೋಡಿರಬಹುದು.

ಇಂಥ ದುರಸ್ತಿಗೆ ತಗಲುವ ವೆಚ್ಚ ಸಣ್ಣದಲ್ಲ. ಅದಕ್ಕೆ ಕೈಹಾಕುವವರಿಗೆ, ಈ ಚಿತ್ರ ಬೇಕು ಎನ್ನುವವರು ಇದ್ದಾರೆ ಎಂಬ ಧೈರ್ಯ ಬೇಕು. ಆ ಧೈರ್ಯ ಬಂದದ್ದು ಕೆಟ್ಟ ಪ್ರತಿಗಳನ್ನೂ ಬಿಡದೆ ಕೊಂಡ, ಉತ್ಸವಕ್ಕೆ ಟಿಕೆಟ್ ತೆಗೆದ ಈ ಹುಚ್ಚರಿಂದ. ಎಲ್ಲರಿಗೂ ಸೇರಿದ್ದು ಉಳಿಯಬೇಕಾದರೆ, ಯಾರಾದರೊಬ್ಬರು ಅದನ್ನು ತನ್ನದೆಂದುಕೊಳ್ಳಬೇಕು. ಸಂಗ್ರಾಹಕ ಮಾಡಿದ್ದು ಅಷ್ಟೇ.

ಕನ್ನಡದ ಲೆಕ್ಕ

ಕನ್ನಡಿಗರಿಗೂ ಈ ಕಥೆ ದೂರದ್ದಲ್ಲ. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ'ದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಮೊದಲನೆಯದೆಂಬ ಗೌರವವೂ ಅದನ್ನು ಕಾಯಲಿಲ್ಲ. ಅಗ್ಗದ ಅಪರಾಧ ಕಥೆಯ ಮಾತಿಗೆ ಬಂದರೆ, ಎನ್. ನರಸಿಂಹಯ್ಯನವರ 'ಪತ್ತೇದಾರ ಪುರುಷೋತ್ತಮ'ನನ್ನು ಪಠ್ಯಪುಸ್ತಕದ ನಡುವೆ ಬಚ್ಚಿಟ್ಟು ಓದಿದ ತಂದೆ ತಾಯಿಯರು ಇಂದು ಅಜ್ಜ ಅಜ್ಜಿಯರಾಗಿದ್ದಾರೆ. ಎಷ್ಟೋ ಜನರಿಗೆ ಓದಿನ ರುಚಿ ಹತ್ತಿಸಿದ ಆ ನೂರಾರು ಪುಸ್ತಕಗಳ ಪೂರ್ಣ ಸಾಲು ಇಂದು ಎಷ್ಟು ಗ್ರಂಥಾಲಯಗಳಲ್ಲಿ ಸಿಕ್ಕೀತು?

ಭಾರತದ ಕಾನೂನಿನಂತೆ ಚಲನಚಿತ್ರದ ಹಕ್ಕು 60 ವರ್ಷ. ಬಿಡುಗಡೆಯ ಮರುವರ್ಷದಿಂದ ಎಣಿಕೆ. 1954ರ 'ಬೇಡರ ಕಣ್ಣಪ್ಪ'ನ ಲೆಕ್ಕ 2014ಕ್ಕೇ ಮುಗಿದಿದೆ. ರಾಜ್‌ಕುಮಾರ್ ಸಿ.ಐ.ಡಿ. 999 ಆಗಿ ಬಂದ, ದೊರೆ-ಭಗವಾನ್ ನಿರ್ದೇಶನದ 'ಜೇಡರ ಬಲೆ' 1968ರದು. 2028 ಮುಗಿದರೆ ಅದೂ ಎಲ್ಲರ ಸೊತ್ತು. ಆಮೇಲೆ ನೀರು ಸೇದಲು ಬೇಕಾದಷ್ಟು ಜನ ಬರುತ್ತಾರೆ. ಹೂಳೆತ್ತುವವರು ಯಾರು?

ಹೆತ್ತವರಿಗೆ ಇನ್ನೆರಡು ಅಳುಕುಗಳು ಇರಬಹುದು. ಅಪರಾಧದ ಚಿತ್ರ ನೋಡಿದರೆ ಮಕ್ಕಳು ಕೆಡುವುದಿಲ್ಲವೇ? ಚಿಕ್ಕ ಮಕ್ಕಳಿಗೆ ಈ ಚಿತ್ರಗಳು ಹೇಳಿದ್ದಲ್ಲ, ನಿಜ. ಆದರೆ 1934ರಿಂದ ಅಮೆರಿಕದ ಚಿತ್ರೋದ್ಯಮದಲ್ಲಿ ಬಿಗಿಯಾಗಿ ಜಾರಿಯಲ್ಲಿದ್ದ ನೀತಿಸಂಹಿತೆಯಂತೆ ತಪ್ಪಿತಸ್ಥ ಗೆಲ್ಲುವಂತಿರಲಿಲ್ಲ. ರಕ್ತ ಕಡಿಮೆ, ಪಶ್ಚಾತ್ತಾಪ ಹೆಚ್ಚು. ಒಂದು ಸುಳ್ಳು ಹತ್ತು ಸುಳ್ಳನ್ನು ಹೆರುವುದು ಹೇಗೆಂದು ಕಾಲೇಜು ಓದುವ ಹುಡುಗನಿಗೆ ಮನಗಾಣಿಸಲು 'ಡಿಟೂರ್' ಸಾಕು.

ಎರಡನೆಯ ಅಳುಕು ದುಡ್ಡಿನದು, ಜಾಗದ್ದು. ಇದು ಸರಿಯಾದ ಅಳುಕೇ. ಕೂಡಿಡುವುದೇ ಗುರಿಯಾದರೆ ಸಂಗ್ರಾಹಕನಿಗೂ ಗುಜರಿಯವನಿಗೂ ವ್ಯತ್ಯಾಸವಿಲ್ಲ. ಪೊಟ್ಟಣ ಬಿಚ್ಚದೆ ಗೋಡೆಗೆ ಗೋಡೆ ತುಂಬಿಸಿಟ್ಟವರಿದ್ದಾರೆ. ಟೇಪಾದರೋ ಚಿರಂಜೀವಿಯಲ್ಲ, ತೇವದ ಗಾಳಿಗೆ ಬೂಷ್ಟು ಹಿಡಿಯುತ್ತದೆ, ವರ್ಷ ಕಳೆದಂತೆ ಅದರ ಲೇಪ ಉದುರುತ್ತದೆ. ಓಡಿಸಲು ಹೊಸ ಯಂತ್ರವೂ ಇಲ್ಲ, ಕೊನೆಯವರೆಗೂ ವಿ.ಸಿ.ಆರ್. ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರಲ್ಲಿ ಕೈಬಿಟ್ಟಿತು. ಎಲ್ಲಕ್ಕಿಂತ ದೊಡ್ಡ ಅಪಾಯ ಬೇರೆಯೇ ಇದೆ. ಸಂಗ್ರಾಹಕನಿಗೆ ವಯಸ್ಸಾಗುತ್ತದೆ. ಯಾವ ಪ್ರತಿ ಏಕೆ ಮುಖ್ಯ ಎಂಬುದು ಅವನ ತಲೆಯಲ್ಲಷ್ಟೇ ಇದ್ದರೆ, ಅವನ ನಂತರ ಆ ಕಪಾಟು ಮಕ್ಕಳ ಪಾಲಿಗೆ ಬರೀ ಪ್ಲಾಸ್ಟಿಕ್. ಕಿಲೋ ಲೆಕ್ಕದಲ್ಲಿ ಹೋಗುತ್ತದೆ.

ಆದ್ದರಿಂದ ಈ ಹವ್ಯಾಸಕ್ಕೆ ಕಪಾಟಿಗಿಂತ ಮೊದಲು ಬೇಕಾದದ್ದು ಒಂದು ನೋಟುಬುಕ್ಕು. ಚಿತ್ರದ ಹೆಸರು, ವರ್ಷ, ಎಷ್ಟು ನಿಮಿಷ, ಎಲ್ಲಿ ಸಿಕ್ಕಿತು, ಏನು ಕೊರತೆ, ಏಕೆ ಇಟ್ಟುಕೊಂಡದ್ದು ಎಂದು ಅದರಲ್ಲಿ ಬರೆದಿಡಬೇಕು. ಕೂಡಿಡುವುದು ಅಪರಾಧ ಚಿತ್ರವೇ ಆಗಬೇಕಿಲ್ಲ. ಊರಿನ ನಾಟಕದ ಕರಪತ್ರಗಳಾದರೂ ಸರಿ, ಅಜ್ಜನ ಕಾಲದ ಹಾಡಿನ ಪುಸ್ತಕಗಳಾದರೂ ಸರಿ. ಮಗನೋ ಮಗಳೋ ಹಾಳುಮೂಳು ಎನ್ನಿಸುವ ವಸ್ತುವೊಂದನ್ನು ಜೋಪಾನ ಮಾಡುವುದು ಕಂಡರೆ, 'ಇದರಿಂದ ಏನು ಪ್ರಯೋಜನ' ಎಂದು ಕೇಳುವ ಬದಲು 'ಇದನ್ನೇ ಏಕೆ ಇಟ್ಟುಕೊಂಡೆ' ಎಂದು ಕೇಳಿನೋಡಿ. ಉತ್ತರ ಬಂದರೆ ಒಂದು ನೋಟುಬುಕ್ಕು ತಂದುಕೊಡಿ. ಬರದಿದ್ದರೆ ಆಗ ಗದರಬಹುದು.

'ಡಿಟೂರ್' ಚಿತ್ರದಲ್ಲಿ ಆ ಹೆಂಗಸಿನ ಪಾತ್ರ ಮಾಡಿದ ಆನ್ ಸ್ಯಾವೇಜ್ ತೀರಿಕೊಂಡದ್ದು 2008ರಲ್ಲಿ. ಇಪ್ಪತ್ತು ದಾಟಿದ ಹೊಸತರಲ್ಲಿ, ಯಾರೂ ಲೆಕ್ಕಕ್ಕಿಡದ ಒಂದು ಬಾಡಿಗೆ ಚಿತ್ರದಲ್ಲಿ ಕೆಲವು ದಿನ ಮಾಡಿದ ಕೆಲಸಕ್ಕೆ, ಮುಪ್ಪಿನಲ್ಲಿ ಸಭಾಂಗಣ ತುಂಬಿದ ಜನ ಚಪ್ಪಾಳೆ ತಟ್ಟುವುದನ್ನು ಅವರು ಕಂಡರು. ಆ ಚಿತ್ರ ತೆಗೆದ ಕಂಪನಿ ಆಗ ಇರಲಿಲ್ಲ, ನಿರ್ದೇಶಕನೂ ಇರಲಿಲ್ಲ. ಕ್ಯಾಸೆಟ್ಟು ಇಟ್ಟುಕೊಂಡವರು ಇದ್ದರು.